ದಿನಕ್ಕೊಂದು ಓಮೆರ್

ಸ್ಟುಟ್‌ಗಾರ್ಟ್, ಜರ್ಮನಿ
ರವಿವಾರ ಸಂಜೆ

ಪ್ರೀತಿಯ ತಂಗಿಗೆ,

ಕರ್ತನಲ್ಲಿ ವಂದನೆಗಳು. ಅವ್ವ, ಅಪ್ಪ ಇಬ್ಬರಿಗೂ ನನ್ನ ನಮಸ್ಕಾರ ಹೇಳು. "ಪ್ರತಿ ರವಿವಾರ ಗುಡಿಗೆ ಹೋಗ್ತೀನಿ, ಹಾಡ್ತೀನಿ, ಕಾಣಿಕೆ ಹಾಕ್ತೀನಿ, ಆದರೂ ಒಳಗೆ ಖಾಲಿ ಅನ್ನಿಸ್ತದಲ್ಲ ಅಕ್ಕಾ, ಯಾಕೆ?" ಅಂತ ಬರೆದಿದ್ದಿ. ಇಂಥ ಪ್ರಶ್ನೆಗೆ ಮೊಬೈಲಿನಲ್ಲಿ ಬೈಬಲಿನ ಎರಡು ವಚನ ಕಳಿಸಿ ಸುಮ್ಮನಾಗುವುದು ಸರಿಯಲ್ಲ. ಅದಕ್ಕೇ ಈ ಉದ್ದದ ಪತ್ರ. ಒಂದೇ ಸಲಕ್ಕೆ ಓದಿ ಮುಗಿಸಬೇಕೆಂದಿಲ್ಲ.

ನಿನ್ನ ನಂಬಿಕೆಗೆ ಏನೂ ಆಗಿಲ್ಲ. ರವಿವಾರ ಉಂಡು ಆರು ದಿನ ಉಪವಾಸವಿದ್ದರೆ ಯಾರಿಗಾದರೂ ಹಸಿವೆ ಆಗಿಯೇ ಆಗುತ್ತದೆ. ವಿಮೋಚನಾಕಾಂಡದ 16ನೇ ಅಧ್ಯಾಯವನ್ನು ಇನ್ನೊಮ್ಮೆ ತೆಗೆದು ಓದು. ಮರುಭೂಮಿಯಲ್ಲಿ ಇಸ್ರಾಯೇಲರಿಗೆ ಆಕಾಶದ ರೊಟ್ಟಿಯಾಗಿ ಮನ್ನ ಬಿದ್ದಾಗ ದೇವರು ಅಳತೆ ಹೇಳಿದ್ದು ತಲೆಗೊಂದು ಓಮೆರ್, ಅಂದರೆ ಹೆಚ್ಚುಕಡಿಮೆ 2 ಲೀಟರ್. ಬಿಸಿಲೇರಿದರೆ ಅದು ಕರಗಿ ಹೋಗುತ್ತಿತ್ತು. ನಾಳೆಗೂ ಇರಲಿ ಎಂದು ತೆಗೆದಿಟ್ಟವರ ಪಾತ್ರೆಯಲ್ಲಿ ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾತ ಹೊಡೆಯಿತು. ಸಬ್ಬತ್ತಿನ, ಅಂದರೆ ವಿಶ್ರಾಂತಿಯ ದಿನದ, ಹಿಂದಿನ ದಿನ ಮಾತ್ರ ಎರಡರಷ್ಟು ಕೂಡಿಸಿದರೂ ಕೆಡಲಿಲ್ಲ. ನಮ್ಮಲ್ಲಿ ಬಹಳ ಜನ ಎಡವುವುದು ಇಲ್ಲೇ. ಮೂರು ದಿನದ ಉಜ್ಜೀವನ ಕೂಟದಲ್ಲಿ ಕೂತು ಕಣ್ಣೀರು ಸುರಿಸಿ ಬಂದು, ಅದೇ ಮೂರು ತಿಂಗಳು ನಡೆಸಲಿ ಎಂದುಕೊಳ್ಳುತ್ತಾರೆ. ಅದು ಹಳೆಯ ಮನ್ನ. ನಾಲ್ಕನೇ ದಿನಕ್ಕೆ ಒಳಗೆ ಬೇಸರ ಹುಟ್ಟುತ್ತದೆ, "ನನ್ನಲ್ಲೇ ಏನೋ ದೋಷವಿದೆ" ಎಂಬ ಸಂಶಯವೂ ಜೊತೆಗೇ ಬರುತ್ತದೆ.

ಆದ್ದರಿಂದ ಅಳತೆ ಸಣ್ಣದಿರಲಿ. ಬೆಳಿಗ್ಗೆ ಹದಿನೈದು ನಿಮಿಷ, ರಾತ್ರಿ ಐದು ನಿಮಿಷ, ಅಷ್ಟೇ. ಹೊಸ ಹುರುಪಿನಲ್ಲಿ ಒಂದು ತಾಸು ಅಂತ ಸಂಕಲ್ಪ ಮಾಡಬೇಡ. ಒಂದು ತಾಸು ಎರಡು ವಾರ ನಡೆಯುತ್ತದೆ, ಒಂದು ದಿನ ತಪ್ಪುತ್ತದೆ, ತಪ್ಪಿತಲ್ಲ ಎಂಬ ಕೊರಗಿಗೇ ಎಲ್ಲವೂ ನಿಂತುಹೋಗುತ್ತದೆ. ಹದಿನೈದು ನಿಮಿಷ ತಪ್ಪಿದರೆ ಮರುದಿನ ಮತ್ತೆ ಹದಿನೈದೇ. ಹಿಂದಿನ ದಿನದ ಬಾಕಿ ತೀರಿಸಲು ಹೋಗಬೇಡ.

ಜಾಗ ಮತ್ತು ಹೊತ್ತು ಬದಲಾಗದಿರಲಿ. ನಮ್ಮ ಮನೆಯಲ್ಲಿ ನೀರು ಬರುವ ಹೊತ್ತು, ಹಾಲಿನವನು ಕೂಗುವ ಹೊತ್ತು ಎಲ್ಲ ನಿನಗೆ ಗೊತ್ತಲ್ಲ, ಅದಕ್ಕೆ ಮುಂಚೆ ಕೂತುಕೊ. ಹಾಸಿಗೆಯ ಮೇಲೆ ಬೇಡ, ನಿದ್ದೆ ಎಳೆಯುತ್ತದೆ. ಬೆನ್ನು ನೆಟ್ಟಗೆ ನಿಲ್ಲುವ ಕುರ್ಚಿ ಇರಲಿ. ಮೊಬೈಲನ್ನು ಬೇರೆ ಕೋಣೆಯಲ್ಲಿಡು. ಸತ್ಯವೇದ ಮೊಬೈಲಿನಲ್ಲೇ ಇದೆಯಲ್ಲ ಅನ್ನಬೇಡ, ಅದನ್ನು ಕೈಗೆತ್ತಿಕೊಂಡರೆ ವಚನಕ್ಕಿಂತ ಮೊದಲು ರಾತ್ರಿ ಬಂದ ಮೆಸೇಜುಗಳೇ ಕಣ್ಣಿಗೆ ಬೀಳುತ್ತವೆ. ಕಾಗದದ ಪುಸ್ತಕವನ್ನೇ ಹಿಡಿ.

ಇನ್ನು ಏನು ಓದಬೇಕು ಎಂಬುದು. ಇದಕ್ಕೆ ಈ ದೇಶದ್ದೇ ಒಂದು ಪದ್ಧತಿ ಹೇಳುತ್ತೇನೆ. ಸ್ಯಾಕ್ಸನಿಯಲ್ಲಿ ಹೆರ್ನ್‌ಹೂಟ್ ಎಂಬ ಊರಿದೆ. ನಂಬಿಕೆಯ ಕಾರಣಕ್ಕೆ ಮೊರಾವಿಯಾ ಬಿಟ್ಟು ಓಡಿಬಂದವರು 1722ರಲ್ಲಿ ಜಿನ್ಜೆಂಡಾರ್ಫ್ ಎಂಬ ಜಮೀನುದಾರನ ನೆಲದಲ್ಲಿ ಕಟ್ಟಿದ ಊರು. ಐದು ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ಬೋಧನೆಯ ವಿಷಯಕ್ಕೇ ಜಗಳ ಹತ್ತಿ ಸಭೆ ಒಡೆಯುವ ಹಂತಕ್ಕೆ ಬಂದಿತ್ತು. ಮೊದಲು ಒಟ್ಟಿಗೆ ಬಾಳುವ ಕಟ್ಟಳೆಗೆ ಎಲ್ಲರೂ ಒಪ್ಪಿದರು. ಆಮೇಲೆ 1727ರ ಆಗಸ್ಟ್ 13ರಂದು ಪಕ್ಕದ ಬೆರ್ಥೆಲ್ಸ್‌ಡಾರ್ಫ್ ಊರಿನ ದೇವಾಲಯದಲ್ಲಿ ಕರ್ತನ ಭೋಜನದ ಆರಾಧನೆಗೆ ಕೂಡಿದಾಗ ಸಭೆ ಮತ್ತೆ ಒಂದಾಯಿತು. ಅದೇ ತಿಂಗಳು 24 ಗಂಡಸರು, 24 ಹೆಂಗಸರು ದಿನದ ತಾಸುಗಳನ್ನು ಹಂಚಿಕೊಂಡು ಪ್ರಾರ್ಥನೆಗೆ ನಿಂತರು. ಆ ಸರದಿ ನೂರು ವರ್ಷಕ್ಕೂ ಮೇಲೆ ನಡೆಯಿತು. ಜಗಳ ತೀರಿದ ಮೇಲೆ ಪ್ರಾರ್ಥನೆ ಹುಟ್ಟಿತು ಎಂಬ ಈ ಕ್ರಮ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮರುವರ್ಷ, 1728ರ ಮೇ ತಿಂಗಳಲ್ಲಿ, ಜಿನ್ಜೆಂಡಾರ್ಫ್ ಸಂಜೆಯ ಕೂಟದಲ್ಲಿ ಮರುದಿನಕ್ಕೆಂದು ಒಂದು ಮಾತು ಕೊಟ್ಟ. ಬೆಳಿಗ್ಗೆ ಒಬ್ಬರು ಅದನ್ನು ಮನೆಮನೆಗೆ ಒಯ್ದು ಮುಟ್ಟಿಸುತ್ತಿದ್ದರು. ಅದನ್ನು ಲೋಸುಂಗ್ ಅಂದರು. ಪಾಳೆಯದಲ್ಲಿ ರಾತ್ರಿ ಕಾವಲುಗಾರರು ಒಬ್ಬರನ್ನೊಬ್ಬರು ಗುರುತಿಸಲು ಹೇಳುವ ಗುಟ್ಟಿನ ಮಾತಿಗೆ ಜರ್ಮನ್ನಿನಲ್ಲಿ ಆ ಹೆಸರು. 1731ರಿಂದ ಅದು ಪುಸ್ತಕವಾಗಿ ಪ್ರತಿ ವರ್ಷ ಅಚ್ಚಾಗುತ್ತ ಬಂದಿದೆ. ಇವತ್ತಿಗೂ ಹೆರ್ನ್‌ಹೂಟಿನಲ್ಲಿ ಹಳೆಯ ಒಡಂಬಡಿಕೆಯ ಸುಮಾರು 1,800 ವಚನಗಳ ಸಂಗ್ರಹದಿಂದ ಚೀಟಿ ಎತ್ತುತ್ತಾರೆ, ಅದೂ ಮೂರು ವರ್ಷ ಮುಂಚಿತವಾಗಿ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಮಾತ್ರ ಹುಡುಕಿ ಆರಿಸುತ್ತಾರೆ. ಕೊನೆಗೆ ಹಾಡಿನ ಒಂದು ನುಡಿಯೋ ಪ್ರಾರ್ಥನೆಯೋ ಇರುತ್ತದೆ. ಮೂರೂ ಸೇರಿ ಒಂದು ಅಂಗೈ ಅಗಲದ ಜಾಗ. ಇಲ್ಲಿ ಎಷ್ಟೋ ಮನೆಗಳಲ್ಲಿ ಆ ಪುಟ್ಟ ಪುಸ್ತಕ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಪಕ್ಕದಲ್ಲೇ ಇರುತ್ತದೆ.

ಈ ಪದ್ಧತಿಯ ಬಲ ಇರುವುದು ವಚನವನ್ನು ನಾವು ಆರಿಸುವುದಿಲ್ಲ ಎಂಬುದರಲ್ಲಿ. ನಾವೇ ಆರಿಸಿದರೆ ಪ್ರತಿ ದಿನ ಅದೇ ಐದಾರು ಸಿಹಿ ವಚನಗಳು. ನಮ್ಮ ಊರಲ್ಲಿ ಹೊಸ ವರ್ಷದ ರಾತ್ರಿ ವಾಗ್ದಾನದ ಚೀಟಿ ಎತ್ತುತ್ತೇವಲ್ಲ, ಅದರಲ್ಲಿ ಗದರುವ ವಚನ ಎಂದಾದರೂ ಬಂದದ್ದುಂಟೇ? ಬರೀ ಆಶೀರ್ವಾದ ಕೇಳಿ ಬೆಳೆದ ಮನಸ್ಸು ಕಷ್ಟದ ದಿನ ಬಂದಾಗ ದೇವರಿಗೆ ಏನು ಹೇಳಬೇಕೆಂದು ತಿಳಿಯದೆ ಮೂಕವಾಗುತ್ತದೆ. ನಿನ್ನ ಖಾಲಿತನದಲ್ಲಿ ಇದೂ ಒಂದು ಪಾಲು ಎಂದು ನನಗೆ ಅನ್ನಿಸುತ್ತದೆ.

ಇದನ್ನು ದಿನಭವಿಷ್ಯದಂತೆ ಓದುವ ಚಾಳಿಯೂ ಇದೆ. ಮಗಳ ಸಂಬಂಧ ಒಪ್ಪಲೋ ಬೇಡವೋ, ಸೈಟು ಕೊಳ್ಳಲೋ ಬೇಡವೋ ಎಂದು ವಚನದಲ್ಲಿ ಶಕುನ ನೋಡುತ್ತಾರೆ. ಅದು ತಪ್ಪು. ಹಿಟ್ಲರನ ಕಾಲದ ಬೋನ್‌ಹೋಫರ್ ಎಂಬ ದೈವಜ್ಞಾನಿಯ ಮಾತು ಇಲ್ಲಿ ಆಗಾಗ ಬರುತ್ತದೆ. 1939ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಸುರಕ್ಷಿತವಾಗಿದ್ದ ಆತ, "ಚಳಿಗಾಲಕ್ಕೆ ಮೊದಲೇ ಬರಲು ಪ್ರಯತ್ನಿಸು" ಎಂಬ ಅರ್ಥದ 2 ತಿಮೊಥೆಯ 4:21 ಓದಿದ, ಜರ್ಮನಿಗೆ ಮರಳಿದ, 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬ್ಯೂರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಆದರೆ ಅಲ್ಲಿ ಉಳಿಯುವುದಿಲ್ಲ ಎಂಬ ತೀರ್ಮಾನವನ್ನು ಆತ ಕೆಲವು ದಿನ ಮುಂಚೆಯೇ ತಿಳಿಸಿಯಾಗಿತ್ತು. ವಚನ ಆಮೇಲೆ ಬಂದು ಪಕ್ಕದಲ್ಲಿ ನಿಂತಿತು. ನೀನೂ ಹಾಗೆಯೇ ತೆಗೆದುಕೊ. ಯೋಚಿಸಿ, ಹಿರಿಯರನ್ನು ಕೇಳಿ ಮಾಡಬೇಕಾದ ಕೆಲಸವನ್ನು ಚೀಟಿಯ ಮೇಲೆ ಹಾಕಬೇಡ.

ಜರ್ಮನ್ ಪುಸ್ತಕ ನಿನಗೆ ಬೇಕಿಲ್ಲ. ಸತ್ಯವೇದದ ಕೀರ್ತನೆಗಳೇ ಸಾಕು, ಅದಕ್ಕೆ ಸುಲಭದ ಲೆಕ್ಕವೊಂದಿದೆ. ಅಂದಿನ ತಾರೀಖಿನ ಕೀರ್ತನೆ ತೆಗೆ, ಅದಕ್ಕೆ ಮೂವತ್ತು ಮೂವತ್ತು ಕೂಡಿಸುತ್ತ ಹೋಗು. ತಾರೀಖು 13 ಇದ್ದರೆ 13, 43, 73, 103, 133. ಐದನ್ನೂ ಕಣ್ಣಾಡಿಸಿ ಒಂದರಲ್ಲಿ ನಿಲ್ಲು. ಮೂವತ್ತು ದಿನಕ್ಕೆ ನೂರೈವತ್ತೂ ಮುಗಿಯುತ್ತವೆ. 29ನೇ ತಾರೀಖು 119ನೇ ಕೀರ್ತನೆ ಬರುತ್ತದೆ, ಅದರಲ್ಲಿ 176 ವಚನ. ಅವತ್ತು ಅದನ್ನು ಬಿಟ್ಟು 31ಕ್ಕೆ ಇಟ್ಟುಕೊ.

ಓದುವ ಬಗೆ ಮುಖ್ಯ. ಮೊದಲನೆಯ ಕೀರ್ತನೆಯಲ್ಲಿ ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವನು ಧನ್ಯನು ಎಂದಿದೆಯಲ್ಲ, ಅಲ್ಲಿರುವ ಇಬ್ರಿಯ (ಹೀಬ್ರೂ) ಮಾತು "ಹಾಗಾ". ಕಣ್ಣು ಮುಚ್ಚಿ ಸುಮ್ಮನೆ ಕೂರುವುದು ಅದರ ಅರ್ಥವಲ್ಲ, ಬಾಯಲ್ಲಿ ಗುನುಗುವುದು. ಯೆಶಾಯ 31:4ರಲ್ಲಿ ಸಿಂಹ ತನ್ನ ಬೇಟೆಯ ಮೇಲೆ ಗುರುಗುಟ್ಟುವುದಕ್ಕೂ ಅದೇ ಮಾತು, 38:14ರಲ್ಲಿ ಪಾರಿವಾಳ ಮುಲುಗುವುದಕ್ಕೂ ಅದೇ. ಆದ್ದರಿಂದ ಸಣ್ಣ ದನಿಯಲ್ಲಿ, ತುಟಿ ಆಡುವಂತೆ ಓದು. ಕಣ್ಣಿನಿಂದ ಓದುವಾಗ ಜಾರಿಹೋಗುವ ಮಾತು ನಾಲಿಗೆಯ ಮೇಲೆ ತೊಡರುತ್ತದೆ. ಇದಕ್ಕೆ ಅಪ್ಪನ ಹಳೆಯ ಸತ್ಯವೇದವೇ ಚೆನ್ನ. "ಯೆಹೋವನು ನನಗೆ ಕುರುಬನು; ಕೊರತೆಪಡೆನು" ಎಂಬಲ್ಲಿ ಆ "ಕೊರತೆಪಡೆನು" ಎಷ್ಟು ಗಟ್ಟಿಯಾಗಿದೆ ನೋಡು. ನನಗೆ ಏನೂ ಕಡಿಮೆಯಾಗುವುದಿಲ್ಲ ಎಂದು ಬಿಡಿಸಿ ಹೇಳಿದರೆ ಆ ಹಿಡಿತ ಹೋಯಿತು.

ಹದಿಮೂರನೆಯದನ್ನೇ ತೆಗೆದುಕೊ, ಆರೇ ವಚನ. ಮೊದಲ ಎರಡರಲ್ಲಿ ದಾವೀದ ನಾಲ್ಕು ಸಲ ಒಂದೇ ಪ್ರಶ್ನೆ ಕೇಳುತ್ತಾನೆ, ಎಷ್ಟರವರೆಗೆ, ಎಷ್ಟರವರೆಗೆ ಎಂದು. ದೇವರು ಮರೆತಿದ್ದಾನೆ ಎಂದು ಮುಖಕ್ಕೇ ಹೇಳುತ್ತಾನೆ. ಮುಂದಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಭರವಸೆ, ಹಾಡು. ನಡುವೆ ಉತ್ತರ ಬಂದದ್ದು ಎಲ್ಲಿಯೂ ಬರೆದಿಲ್ಲ, ಗಮನಿಸು. ಒಂದು ಸಲ ಪೂರ್ತಿ ಓದು. ಎರಡನೆಯ ಸಲ ನಿಧಾನವಾಗಿ ಓದಿ, ಯಾವ ಮಾತು ನಿನ್ನನ್ನು ಹಿಡಿಯಿತೋ ಅಲ್ಲಿ ನಿಲ್ಲು. "ಎಷ್ಟರವರೆಗೆ" ಎಂಬುದೇ ಹಿಡಿದರೆ, ನಿನ್ನ ಎಷ್ಟರವರೆಗೆ ಯಾವುದು ಎಂದು ದೇವರಿಗೆ ಹೇಳು, ಧಾರವಾಡದ ಮಾತಿನಲ್ಲೇ ಹೇಳು, ಉಪದೇಶದ ಭಾಷೆ ಬೇಡ. ಮೂರನೆಯ ಸಲ ಓದಿ ಎರಡು ನಿಮಿಷ ಏನೂ ಹೇಳದೆ ಕೂತುಕೊ. ಆ ಎರಡು ನಿಮಿಷದಲ್ಲಿ ಕುಕ್ಕರು, ಕರೆಂಟ್ ಬಿಲ್ಲು, ಅತ್ತೆಯ ಮಾತು ಎಲ್ಲ ತಲೆಗೆ ಬರುತ್ತವೆ. ಅವುಗಳ ಜೊತೆ ಕುಸ್ತಿ ಬೇಡ. ಹಿಡಿದ ಮಾತನ್ನು ಮತ್ತೊಮ್ಮೆ ಗುನುಗು, ಅಷ್ಟೇ. ಆ ಮಾತನ್ನೇ ಮಧ್ಯಾಹ್ನ ಪಾತ್ರೆ ತಿಕ್ಕುವಾಗಲೂ ಒಮ್ಮೆ ನೆನೆ.

ಬೇರೆಯವರಿಗಾಗಿ ಮಾಡುವ ಪ್ರಾರ್ಥನೆಗೆ ಒಂದು ನೋಟುಬುಕ್ಕು ಇಡು. ವಾರದ ಒಂದೊಂದು ದಿನಕ್ಕೆ ಮೂರೇ ಹೆಸರು, ಪಕ್ಕದಲ್ಲಿ ಬೇಡಿದ ತಾರೀಖು. ಅರವತ್ತು ಹೆಸರು ತುಂಬಿಕೊಂಡರೆ ಶಾಲೆಯಲ್ಲಿ ಹಾಜರಿ ಕೂಗಿದಂತಾಗುತ್ತದೆ.

ರಾತ್ರಿಯ ಐದು ನಿಮಿಷ ದಿನವನ್ನು ದೇವರ ಮುಂದೆ ತಿರುಗಿಸಿ ನೋಡುವುದಕ್ಕೆ. ಈ ಅಭ್ಯಾಸವನ್ನು ಚೆನ್ನಾಗಿ ಕಲಿಸಿದವನು ಇಗ್ನೇಷಿಯಸ್ ಲೊಯೋಲಾ, ಯೇಸುಸಭೆಯವನು. ಅದು ಕ್ಯಾಥೊಲಿಕರದು ಎಂದು ದೂರ ಇಡಬೇಡ. ಮೊದಲು ಆ ದಿನದ ಒಳ್ಳೆಯದಕ್ಕೆ ಸ್ತೋತ್ರ, ಅದೂ ಹೆಸರು ಹಿಡಿದು: ಮಳೆ ನಿಂತದ್ದು, ಬಸ್ಸಿನಲ್ಲಿ ಜಾಗ ಸಿಕ್ಕದ್ದು. ಆಮೇಲೆ ಬೆಳಕು ಕೊಡು ಎಂದು ಬೇಡು. ಬೆಳಗಿನಿಂದ ನಡೆದದ್ದನ್ನು ತಾಸುತಾಸಾಗಿ ನೆನೆದು, ಎಲ್ಲಿ ಹತ್ತಿರವಿದ್ದೆ, ಎಲ್ಲಿ ತಿರುಗಿಬಿದ್ದೆ ಎಂದು ನೋಡು. ತಪ್ಪಿದ್ದಕ್ಕೆ ಕ್ಷಮೆ ಕೇಳಿ, ನಾಳೆಯ ಒಂದು ಕೆಲಸವನ್ನು ಆತನ ಕೈಗೆ ಕೊಟ್ಟು ಮಲಗು. ಸ್ತೋತ್ರ ಬಿಟ್ಟು ನೇರ ತಪ್ಪುಗಳ ಲೆಕ್ಕಕ್ಕೆ ಇಳಿದರೆ ಮನಸ್ಸು ತನ್ನನ್ನೇ ಹಿಂಸಿಸಿಕೊಳ್ಳಲು ಶುರುಮಾಡುತ್ತದೆ, ಹಾಗಾಗಿ ಕ್ರಮ ಬದಲಿಸಬೇಡ.

ಇಷ್ಟು ಮಾಡಿಯೂ ಪ್ರಾರ್ಥನೆ ಗೋಡೆಗೆ ಬಡಿದು ಬಂದಂತಾದರೆ ಎರಡು ಕಡೆ ನೋಡು. ಒಂದು, ಯಾರ ಜೊತೆಗಾದರೂ ಮಾತು ಬಿಟ್ಟಿದ್ದೀಯಾ? ಮತ್ತಾಯ 5:23–24ರಲ್ಲಿ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಎಂದು ಯೇಸುಸ್ವಾಮಿಯೇ ಹೇಳಿದ್ದಾನೆ. ಹೆರ್ನ್‌ಹೂಟಿನವರ ಕ್ರಮವೂ ಅದೇ. ಕರ್ತನ ಭೋಜನ ಇರುವ ವಾರದ ಶನಿವಾರ ಇದಕ್ಕೆ ಒಳ್ಳೆಯ ದಿನ. ಆಸ್ತಿ ಪಾಲಿನ ವಿಷಯಕ್ಕೆ ಚಿಕ್ಕಪ್ಪನ ಮನೆಯವರ ಜೊತೆ ನಮ್ಮದು ನಿಂತಿದೆಯಲ್ಲ, ಪಾಲು ಹೇಗಾದರೂ ಆಗಲಿ, ಚಿಕ್ಕವ್ವನಿಗೆ ಒಂದು ಫೋನು ಮಾಡು. ನಾನೂ ಮಾಡುತ್ತೇನೆ.

ಇನ್ನೊಂದು ಶರೀರ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಸಾಯಬೇಕೆಂದು ಗಿಡದ ಕೆಳಗೆ ಬಿದ್ದುಕೊಂಡಾಗ ದೇವದೂತ ಅವನಿಗೆ ಬುದ್ಧಿ ಹೇಳಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ಉಣ್ಣಿಸಿದ. ಹೋರೇಬ್ ಬೆಟ್ಟದಲ್ಲಿ ದೇವರ ಸಣ್ಣ ದನಿ ಕೇಳಿಸಿದ್ದು ಅದಾದ ಮೇಲೆ. ನಿದ್ದೆ, ಊಟ ಎರಡು ವಾರದಿಂದ ಕೆಟ್ಟಿದ್ದು ಯಾವುದರಲ್ಲೂ ಮನಸ್ಸೇ ಇಲ್ಲ ಎನ್ನುವಂತಿದ್ದರೆ ವೈದ್ಯರಲ್ಲಿಗೆ ಹೋಗು. ನಂಬಿಕೆ ಕಡಿಮೆ ಎಂದು ಯಾರಾದರೂ ಅಂದರೆ ಈ ಅಧ್ಯಾಯ ತೋರಿಸು.

ಒಬ್ಬಳೇ ಬಹಳ ದಿನ ನಡೆಸಲಾಗದು. ಈ ವುರ್ಟೆಂಬರ್ಗ್ ಸೀಮೆಯಲ್ಲಿ ಭಕ್ತರು ಮನೆಗಳಲ್ಲಿ ಸೇರಿ ಓದುವ ಕೂಟಕ್ಕೆ "ಸ್ಟುಂಡೆ" ಎನ್ನುತ್ತಾರೆ, ತಾಸು ಎಂದರ್ಥ. ಮ್ಯೋಗ್ಲಿಂಗ್ ಅವರಂಥ ಬಾಸೆಲ್ ಮಿಷನ್ ಬೋಧಕರು ನಮ್ಮ ನಾಡಿಗೆ ಬಂದದ್ದು ಈ ಸೀಮೆಯಿಂದಲೇ. ನಮ್ಮ ಸಂಜೆಯ ಕುಟುಂಬ ಪ್ರಾರ್ಥನೆಗೂ ಈ ಮಣ್ಣಿಗೂ ನಂಟಿದೆ. ಅದನ್ನು ಮತ್ತೆ ಶುರುಮಾಡು. ಊಟಕ್ಕೆ ಮುಂಚೆ ಮಾಡು, ಉಂಡ ಮೇಲೆ ಮಕ್ಕಳು ತೂಕಡಿಸುತ್ತಾರೆ. ಒಂದು ಹಾಡು, ಹತ್ತು ವಚನ, ಒಬ್ಬರ ಪ್ರಾರ್ಥನೆ, ಕೊನೆಗೆ ಎಲ್ಲರೂ ಕರ್ತನ ಪ್ರಾರ್ಥನೆ. ಹತ್ತು ನಿಮಿಷ ಮೀರಬಾರದು. ಓದುವುದನ್ನು ಮಕ್ಕಳಿಗೇ ಬಿಡು, ತೊದಲಿದರೂ ತಿದ್ದಬೇಡ. ಹಾಡನ್ನು ಅವ್ವ ಎತ್ತಲಿ, ಅವಳಿಗೆ ಪುಸ್ತಕವಿಲ್ಲದೆಯೇ ಬರುತ್ತವೆ.

ನಾಳೆ ಬೆಳಿಗ್ಗೆಯೇ ಕೂತುಕೊ. ತಾರೀಖು ಯಾವುದಿದ್ದರೂ ಮೊದಲ ದಿನ ಹದಿಮೂರನೆಯ ಕೀರ್ತನೆಯನ್ನೇ ಓದು, ನಾನೂ ಇಲ್ಲಿ ಅದನ್ನೇ ಓದುತ್ತೇನೆ. ನಿನ್ನನ್ನು ಹಿಡಿದ ಮಾತು ಯಾವುದು ಎಂದು ಮುಂದಿನ ಪತ್ರದಲ್ಲಿ ಬರೆ. ಅವ್ವನ ಕಣ್ಣಿನ ಡಾಕ್ಟರು ಏನೆಂದರು ಎಂಬುದನ್ನೂ ತಿಳಿಸು.

ನಿನ್ನ ಪ್ರೀತಿಯ
ಅಕ್ಕ