ಹವಳದ ತೊಟ್ಟಿ: ಮೊದಲು ನೀರು, ಆಮೇಲೆ ಮೀನು

ಮಾನ್ಯರೆ,

ಮನೆ ಅಲಂಕಾರದ ಲೇಖನಗಳ ಜೊತೆ ಉಪ್ಪುನೀರಿನ ಹವಳದ ಅಕ್ವೇರಿಯಂಗಳ ಚಿತ್ರಗಳು ಬರುತ್ತಿರುತ್ತವೆ. ನೋಡಲು ಚೆಂದವೇ. ಆದರೆ ಚಿತ್ರದ ಜೊತೆ ನೀರಿನ ಲೆಕ್ಕ ಬರುವುದಿಲ್ಲ. ಓದಿದವರು ತೊಟ್ಟಿ, ಉಪ್ಪು, ಮೀನು, ಹವಳ ಎಲ್ಲವನ್ನೂ ಒಂದೇ ದಿನ ಕೊಂಡು ತರುತ್ತಾರೆ. ವಾರ ಕಳೆಯುವಷ್ಟರಲ್ಲಿ ಮೀನು ಸಾಯುತ್ತದೆ, ತಿಂಗಳೊಳಗೆ ಹವಳ ಬಿಳುಚುತ್ತದೆ. ಇಂಥ ಸಾವುಗಳಿಗೆ ಬಹುಮಟ್ಟಿಗೆ ಆತುರವೇ ಕಾರಣ. ಆದ್ದರಿಂದ ಹೊಸಬರಿಗೆ ಬೇಕಾದ ಕೆಲವು ವಿವರಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ಕುಡಿಯಲು ಯೋಗ್ಯವಾದ ನೀರೆಲ್ಲ ಹವಳಕ್ಕೆ ಆಗುವುದಿಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್, ಫಾಸ್ಫೇಟ್, ಸಿಲಿಕೇಟ್, ಕೆಲವೊಮ್ಮೆ ಪೈಪಿನಿಂದ ಬಂದ ತಾಮ್ರ ಇರುತ್ತದೆ. ಆರ್‌ಒ ಆದ ಮೇಲೆ ಉಳಿದ ಲವಣಗಳನ್ನು ಹೀರುವ ಡಿಅಯಾನೈಸಿಂಗ್ ರೆಸಿನ್ ಮೂಲಕವೂ ಹಾಯಿಸಿ, ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ 0 ತೋರಿಸುವ ನೀರನ್ನೇ ಬಳಸಬೇಕು. ಖನಿಜಗಳನ್ನು ಮರಳಿ ಸೇರಿಸುವ ಕುಡಿಯುವ ನೀರಿನ ಯಂತ್ರ ಇದಕ್ಕೆ ಬೇಡ. 100 ಲೀಟರಿಗೆ ಸುಮಾರು 3.6ರಿಂದ 3.8 ಕೆ.ಜಿ. ರೀಫ್ ಉಪ್ಪು (ಹವಳದ ತೊಟ್ಟಿಗೆಂದೇ ಮಾಡಿದ ಉಪ್ಪು) ಹಿಡಿಯುತ್ತದೆ. ಪಂಪ್ ಓಡುತ್ತಿರುವ ನೀರಿಗೆ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಉಪ್ಪಿನ ರಾಶಿಯ ಮೇಲೆ ನೀರು ಸುರಿದರೆ ಸುಣ್ಣ ಬೇರ್ಪಟ್ಟು ನೀರು ಹಾಲಿನಂತಾಗುತ್ತದೆ. ಹಾಗೆ ತಳ ಸೇರಿದ ಕ್ಯಾಲ್ಸಿಯಂ ಮತ್ತೆ ಕರಗುವುದಿಲ್ಲ. ಲವಣಾಂಶದ ಗುರಿ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಅಂದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಪೇಕ್ಷ ಸಾಂದ್ರತೆ 1.026. ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿದರೆ ಸಾಲದು. 35 ಪಿಪಿಟಿಯ ದ್ರಾವಣದಿಂದಲೇ ಸರಿಹೊಂದಿಸಬೇಕು, ಏಕೆಂದರೆ ನಮಗೆ ಬೇಕಾದ ಅಳತೆ ಇರುವುದು ಅಲ್ಲಿ.

ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಹಾಗಾಗಿ ಇಳಿದ ಮಟ್ಟವನ್ನು ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು. ಉಪ್ಪುನೀರು ತುಂಬುತ್ತಾ ಹೋದರೆ ಕೆಲವೇ ವಾರಗಳಲ್ಲಿ ಲವಣಾಂಶ ಹವಳ ತಾಳಲಾರದಷ್ಟು ಏರುತ್ತದೆ.

ನೀರು ಸಿದ್ಧವಾಯಿತೆಂದರೆ ತೊಟ್ಟಿ ಸಿದ್ಧವಾಯಿತೆಂದಲ್ಲ. ಮೀನಿನ ವಿಸರ್ಜನೆಯಿಂದಲೂ ಕೊಳೆತ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಉಪ್ಪುನೀರಿನ ಪಿಎಚ್ 8.2ರ ಆಸುಪಾಸಿನಲ್ಲಿರುವುದರಿಂದ ಅದರ ವಿಷಕಾರಿ ಪಾಲು ತಟಸ್ಥ ಸಿಹಿನೀರಿಗಿಂತ ಹೆಚ್ಚು. ಅಮೋನಿಯವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಕಲ್ಲಿನ ರಂಧ್ರಗಳಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಈ ಕೆಲಸಕ್ಕೆ ಒಂದು ಮೀನನ್ನು ಬಿಟ್ಟು ಬಲಿ ಕೊಡುವ ಹಳೆಯ ಪದ್ಧತಿ ಕ್ರೂರವಾದದ್ದು, ಅದರ ಅಗತ್ಯವೂ ಇಲ್ಲ. ಕಲ್ಲು, ಮರಳು, ಪಂಪು, ಹೀಟರ್ ಎಲ್ಲ ಕೂರಿಸಿ, ದೀಪ ಆರಿಸಿ, ಶುರುವಿಗೆ ಬ್ಯಾಕ್ಟೀರಿಯಾಕ್ಕಾಗಿ ಒಂದು ತುಂಡು ಲೈವ್ ರಾಕ್ (ಬ್ಯಾಕ್ಟೀರಿಯಾ ಆಗಲೇ ನೆಲೆಸಿರುವ ಕಲ್ಲು) ಇಟ್ಟು, 100 ಲೀಟರಿಗೆ ಸುಮಾರು 0.6 ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿದರೆ ಅಮೋನಿಯ 2 ಪಿಪಿಎಂ (ಹತ್ತು ಲಕ್ಷಕ್ಕೆ 2 ಭಾಗ) ಆಗುತ್ತದೆ. ಅದು ಇಳಿದ ಮೇಲೆ ಮತ್ತೆ ಅಷ್ಟೇ ಹಾಕಿ. ಹಾಗೆ ಹಾಕಿದ 2 ಪಿಪಿಎಂ 24 ಗಂಟೆಯಲ್ಲಿ ಸೊನ್ನೆಯಾದ ದಿನ ತೊಟ್ಟಿ ಮೊದಲ ಮೀನಿಗೆ ಸಿದ್ಧ. ಕಿಟ್‌ನಲ್ಲಿ ನೈಟ್ರೈಟ್ ಇನ್ನೂ ಒಂದಿಷ್ಟು ಕಂಡರೆ ಗಾಬರಿಯಾಗಬೇಕಿಲ್ಲ. ಕಡಲ ನೀರಿನಲ್ಲಿ ಕ್ಲೋರೈಡ್ ಹೇರಳವಾಗಿರುವುದರಿಂದ ನೈಟ್ರೈಟ್ ಕಿವಿರಿನ ಮೂಲಕ ಮೀನಿನ ರಕ್ತಕ್ಕೆ ಸೇರುವುದು ಬಹಳ ಕಡಿಮೆ.

ದೀಪ ಹಚ್ಚಿದ ಮೇಲೆ ಕಲ್ಲಿನ ಮೇಲೆ ಕಂದು ಪೊರೆ, ಆಮೇಲೆ ಹಸಿರು ಪಾಚಿ ಬರುತ್ತದೆ. ಇದು ಎಲ್ಲ ತೊಟ್ಟಿಗೂ ಬರುವ ಹಂತ. ಇದಕ್ಕೆ ಹೆದರಿ ಫಾಸ್ಫೇಟ್ ಹೀರುವ ಮಾಧ್ಯಮವನ್ನು ಅತಿಯಾಗಿ ತುಂಬಿ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸುವವರೇ ಮುಂದೆ ಲೋಳೆಯಂಥ ಪೊರೆ ಕಟ್ಟುವ ಸೂಕ್ಷ್ಮಜೀವಿಗಳಾದ ಡೈನೋಫ್ಲಾಜೆಲೇಟ್‌ಗಳ ಕಾಟಕ್ಕೆ ಸಿಕ್ಕಿಬೀಳುವುದು. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ. ಹವಳಕ್ಕೂ ಆಹಾರ ಬೇಕಲ್ಲ.

ಇನ್ನು ಕ್ಷಾರೀಯತೆ, ಅಂದರೆ ಮುಖ್ಯವಾಗಿ ನೀರಿನಲ್ಲಿ ಕರಗಿರುವ ಕಾರ್ಬೊನೇಟ್, ಬೈಕಾರ್ಬೊನೇಟ್‌ಗಳ ಪ್ರಮಾಣ; ಅದರ ಅಳತೆ ಡಿಕೆಎಚ್. ಹೊಸಬರು ಇದನ್ನೇ ಕಡೆಗಣಿಸುತ್ತಾರೆ, ಕಲ್ಲುಹವಳ ಸಾಯುವುದೂ ಹೆಚ್ಚಾಗಿ ಇದರಿಂದಲೇ. ಹವಳದ ಅಸ್ಥಿಪಂಜರ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಕಟ್ಟಲು ಹವಳವು ನೀರಿನಿಂದ ಕ್ಯಾಲ್ಸಿಯಂ, ಕಾರ್ಬೊನೇಟ್ ಎರಡನ್ನೂ ಎಳೆದುಕೊಳ್ಳುತ್ತದೆ. ಕ್ಷಾರೀಯತೆ 2.8 ಡಿಕೆಎಚ್ ಇಳಿದಾಗ ಕ್ಯಾಲ್ಸಿಯಂ 20 ಪಿಪಿಎಂ ಮಾತ್ರ ಇಳಿದಿರುತ್ತದೆ. ಎಂದರೆ ಕ್ಯಾಲ್ಸಿಯಂ ಕಿಟ್ ಎಲ್ಲ ಸರಿಯಿದೆ ಎಂದು ತೋರಿಸುವಾಗಲೇ ಕ್ಷಾರೀಯತೆ ಕುಸಿದಿರಬಹುದು. ಕ್ಷಾರೀಯತೆ 8ರಿಂದ 9 ಡಿಕೆಎಚ್, ಕ್ಯಾಲ್ಸಿಯಂ 420 ಪಿಪಿಎಂ, ಮೆಗ್ನೀಸಿಯಂ 1300 ಪಿಪಿಎಂ ಆಸುಪಾಸಿನಲ್ಲಿರಬೇಕು. ಮೆಗ್ನೀಸಿಯಂ ತೀರಾ ಕಡಿಮೆಯಾದರೆ ಉಳಿದೆರಡನ್ನು ಎಷ್ಟು ಸುರಿದರೂ ಹೀಟರ್, ಪಂಪುಗಳ ಮೇಲೆ ಸುಣ್ಣವಾಗಿ ಕೂರುತ್ತದೆ.

ಲೆಕ್ಕ ಕಷ್ಟದ್ದಲ್ಲ. 100 ಲೀಟರಿಗೆ 3 ಗ್ರಾಂ ಶುದ್ಧ ಅಡುಗೆ ಸೋಡಾ ಹಾಕಿದರೆ ಕ್ಷಾರೀಯತೆ 1 ಡಿಕೆಎಚ್ ಏರುತ್ತದೆ. ಸೋಮವಾರ 8.5 ಇದ್ದದ್ದು ಬುಧವಾರ ಅದೇ ಹೊತ್ತಿಗೆ 7.9 ಆಗಿದ್ದರೆ ದಿನದ ಖರ್ಚು 0.3. ತೊಟ್ಟಿಯಲ್ಲಿ ನಿಜವಾಗಿ 200 ಲೀಟರ್ ನೀರಿದ್ದರೆ ದಿನಕ್ಕೆ 1.8 ಗ್ರಾಂ ಸೋಡಾ ಸಾಕು. ತೊಟ್ಟಿಯ ಅಳತೆಯಿಂದ ಕಲ್ಲು, ಮರಳು ಹಿಡಿದ ಜಾಗವನ್ನು ಕಳೆಯಲು ಮರೆಯಬೇಡಿ. ಸೋಡಾವನ್ನು ಶುದ್ಧ ನೀರಿನಲ್ಲಿ ಕರಗಿಸಿ, ನೀರಿನ ಸೆಳೆತ ಜೋರಾಗಿರುವ ಕಡೆ ನಿಧಾನವಾಗಿ ಸುರಿಯಬೇಕು. ಕ್ಯಾಲ್ಸಿಯಂ ಕ್ಲೋರೈಡನ್ನು ಬೇರೆ ಹೊತ್ತಿನಲ್ಲಿ ಹಾಕಬೇಕು. ಎರಡೂ ಗಟ್ಟಿ ದ್ರಾವಣಗಳು ಕೂಡಿದರೆ ಅಲ್ಲೇ ಸುಣ್ಣವಾಗುತ್ತವೆ. ಅಂಕಿ ಇಳಿದದ್ದು ಕಂಡು ಒಂದೇ ಸಲಕ್ಕೆ ಸರಿಪಡಿಸಲು ಹೊರಡುವುದು ಇಳಿತಕ್ಕಿಂತ ದೊಡ್ಡ ಅಪಾಯ. ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರಿಸಬಾರದು. ಏರಿಳಿತಕ್ಕೆ ಸಿಕ್ಕಿದ ಅಕ್ರೊಪೋರ ಎಂಬ ಕಲ್ಲುಹವಳ ಬುಡದಿಂದ ಮಾಂಸ ಕಳಚಿಕೊಂಡು ಬರೀ ಬಿಳಿ ಕಡ್ಡಿಯಾಗುತ್ತದೆ, ಕೆಲವೊಮ್ಮೆ ಒಂದೇ ದಿನದಲ್ಲಿ.

ದೀಪದ ವಿಷಯದಲ್ಲೂ ಆತುರ ಸಲ್ಲದು. ಮೆದುಹವಳಗಳಿಗೆ 50ರಿಂದ 100 ಪಾರ್ (ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನ ಅಳತೆ), ಅಕ್ರೊಪೋರದಂಥವಕ್ಕೆ 200ರಿಂದ 350 ಪಾರ್ ಸಾಕು. ಹೊಸ ಎಲ್‌ಇಡಿಯನ್ನು ಮೂರನೇ ಒಂದು ಭಾಗದ ಶಕ್ತಿಯಲ್ಲಿ ಶುರುಮಾಡಿ ಮೂರು ನಾಲ್ಕು ವಾರಗಳಲ್ಲಿ ಏರಿಸುತ್ತಾ ಹೋಗಬೇಕು. ಕರೆಂಟು ಹೋದಾಗ ಮೀನಿಗೆ ಮೊದಲು ಕಾಡುವುದು ಆಮ್ಲಜನಕದ ಕೊರತೆ, ಬ್ಯಾಟರಿಯಿಂದ ಓಡುವ ಏರ್ ಪಂಪ್ ಒಂದಿರಲಿ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಬಾಗಿ ಮೇಲೇರುವಂತಿದ್ದರೆ, ವೈರಿನ ಗುಂಟ ಹರಿದ ಉಪ್ಪುನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಮೀನು ಆರಿಸುವಾಗ ಈಗಿನ ಗಾತ್ರ ನೋಡಬೇಡಿ. ಎಲ್ಲರೂ ಬಯಸುವ ನೀಲಿ ಟ್ಯಾಂಗ್ 30 ಸೆಂ.ಮೀ.ವರೆಗೆ ಬೆಳೆಯುತ್ತದೆ. ಮ್ಯಾಂಡರಿನ್ ಮೀನು ಕಲ್ಲಿನ ಸಂದಿಯ ಸೀಗಡಿಯ ಬಂಧುಗಳಾದ ಸಣ್ಣ ಕೊಪೆಪಾಡ್‌ಗಳನ್ನೇ ನೆಚ್ಚಿಕೊಂಡಿರುವುದರಿಂದ ಹೊಸ ತೊಟ್ಟಿಯಲ್ಲಿ ಹಸಿವಿನಿಂದ ಸೊರಗಿ ಸಾಯುತ್ತದೆ. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕ್ಲೌನ್ ಮೀನಿನಿಂದ ಆರಂಭಿಸುವುದು ಕಡಲಿಗೂ ಹೊಸಬರಿಗೂ ಒಳ್ಳೆಯದು. ಹವಳವನ್ನೂ ತೊಟ್ಟಿಯಲ್ಲಿ ಬೆಳೆಸಿದ ತುಂಡಿನಿಂದಲೇ ತನ್ನಿ. ಕಲ್ಲುಹವಳಗಳೆಲ್ಲ ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ, ಹಲವೆಡೆ ಕಾನೂನು ಇನ್ನೂ ಬಿಗಿ. ಮೂಲದ ದಾಖಲೆ ಕೇಳದೆ ಕೊಳ್ಳಬೇಡಿ.

ಹೊಸ ಮೀನನ್ನು ನೇರ ತೊಟ್ಟಿಗೆ ಬಿಟ್ಟರೆ ಬಿಳಿ ಚುಕ್ಕೆ ರೋಗ ತರುವ ಪರಾವಲಂಬಿ ಕ್ರಿಪ್ಟೊಕ್ಯಾರಿಯಾನ್ ಕೂಡ ಒಳಬರುತ್ತದೆ. ಇದಕ್ಕೆ ತಾಮ್ರದ ಔಷಧ ಇದೆ, ಆದರೆ ಅದು ಸೀಗಡಿ, ಬಸವನಹುಳು, ಹವಳಗಳನ್ನು ಕೊಲ್ಲುತ್ತದೆ. ಹಾಗಾಗಿ ಚಿಕಿತ್ಸೆ ಕಲ್ಲು ಮರಳಿಲ್ಲದ ಬೇರೆ ತೊಟ್ಟಿಯಲ್ಲೇ ನಡೆಯಬೇಕು. ರೋಗ ಒಮ್ಮೆ ಮುಖ್ಯ ತೊಟ್ಟಿಗೆ ಹೊಕ್ಕರೆ ಮೀನುಗಳನ್ನೆಲ್ಲ ಹೊರತೆಗೆದು ಸುಮಾರು 76 ದಿನ ಅದನ್ನು ಮೀನಿಲ್ಲದೆ ಬಿಡಬೇಕೆಂಬುದು ರೂಢಿಯಲ್ಲಿರುವ ಸಲಹೆ.

ಕೊನೆಯದಾಗಿ ಮನುಷ್ಯರ ಜೀವದ ಮಾತು. ಬಣ್ಣದ ಗುಂಡಿಗಳಂತೆ ಕಾಣುವ, ಹವಳದ ಬಂಧುಗಳಾದ ಪಾಲಿಥೋವ, ಜೊವಾಂಥಸ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಉಗ್ರ ವಿಷ ಇರಬಹುದು. ಅವು ಅಂಟಿದ ಕಲ್ಲನ್ನು ಶುಚಿ ಮಾಡಲೆಂದು ಕುದಿಸಬಾರದು, ಬಿಸಿನೀರು ಸುರಿಯಬಾರದು, ಒಣ ಬ್ರಷ್‌ನಿಂದ ಉಜ್ಜಲೂಬಾರದು. ಆವಿಯ ಜೊತೆ ಎದ್ದ ವಿಷವನ್ನು ಉಸಿರಾಡಿ ಇಡೀ ಕುಟುಂಬಗಳೇ ಆಸ್ಪತ್ರೆ ಸೇರಿದ ಪ್ರಕರಣಗಳು ದಾಖಲಾಗಿವೆ. ಕತ್ತರಿಸಬೇಕಾದರೆ ಕೈಗವಸು, ಕಣ್ಣಿಗೆ ಮುಚ್ಚುವ ಕನ್ನಡಕ ಕಡ್ಡಾಯ, ಕೈಯಲ್ಲಿ ಗಾಯವಿದ್ದರೆ ಆ ಕೆಲಸವೇ ಬೇಡ. ಮುಟ್ಟಿದ ಮೇಲೆ ಬಾಯಿ ಕಹಿಯಾದರೆ, ಉಸಿರು ಕಟ್ಟಿದರೆ, ಎದೆ ಹಿಡಿದಂತಾದರೆ ಕೂಡಲೇ ಆಸ್ಪತ್ರೆಗೆ ಹೋಗಿ ಪಾಲಿಟಾಕ್ಸಿನ್ ಎಂಬ ಹೆಸರನ್ನು ವೈದ್ಯರಿಗೆ ಹೇಳಬೇಕು. ಸ್ಥಳಾಭಾವದಿಂದ ಪತ್ರವನ್ನು ಮೊಟಕುಗೊಳಿಸಬೇಕಾದರೆ ಉಳಿದದ್ದನ್ನು ಬಿಟ್ಟರೂ ಈ ಭಾಗವನ್ನು ದಯವಿಟ್ಟು ಪ್ರಕಟಿಸಿ.

ಇಂತಿ,
ರೀಫ್ ಅಕ್ವೇರಿಯಂ ಹವ್ಯಾಸಿಗಳು