ಶಿಕ್ಷೆ ಕೊಟ್ಟ ಮೇಲೆ ನೋಡುವವರು ಯಾರು?

ಸಂಪಾದಕರೇ,

ಪಂಪ್‌ಸೆಟ್ ಕೇಬಲ್ ಕದ್ದವನಿಗೆ ಸಮುದಾಯ ಸೇವೆಯ ಶಿಕ್ಷೆ ಆಯಿತು ಅಂತ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂತಲ್ಲ, ಆ ಕೇಬಲ್ ನನ್ನದು. ಇವತ್ತು ಪೇಟೆಗೆ ಹೋಗಿದ್ದೆ. ಅವನು ಗುಡಿಸಬೇಕಾದ ಕಚೇರಿ ದಾರಿಯಲ್ಲೇ ಇದೆ, ನೋಡಿ ಬರೋಣ ಅಂತ ಇಳಿದೆ. ಗೇಟಿನ ಹತ್ತಿರ ಕಸ ಹಾಗೇ ಬಿದ್ದಿತ್ತು. ಅವನು ಎದುರಿನ ಹೋಟೆಲಿನಲ್ಲಿ ಕೂತಿದ್ದ. ಒಳಗೆ ವಿಚಾರಿಸಿದರೆ, ‘ಬಂದು ಸಹಿ ಹಾಕಿ ಹೋಗ್ತಾನೆ, ನಮಗೆ ಅವನನ್ನು ಕಾಯೋದೇ ಕೆಲಸವಾ?’ ಅಂದರು. ಅಲ್ಲಿಂದ ಬಂದವನು ಊಟವನ್ನೂ ಮಾಡದೆ ಇದನ್ನು ಬರೆಯುತ್ತಿದ್ದೇನೆ.

ಅವನನ್ನು ಜೈಲಿಗೆ ಹಾಕಿ ಅಂತ ನಾನು ಕೇಳುತ್ತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆಯದ್ದಾಗಿ, ಮೊದಲ ಸಲ ಶಿಕ್ಷೆ ಆಗುವವನು ಮಾಲನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟರೆ ಸಮುದಾಯ ಸೇವೆಯೇ ಶಿಕ್ಷೆ. ಎರಡನೇ ಸಲವಾದರೆ ಕನಿಷ್ಠ ಒಂದು ವರ್ಷ ಕಠಿಣ ಸಜೆ. ಇದು ಒಳ್ಳೆಯದೇ. ಚಿಕ್ಕ ಹುಡುಗ, ಜೈಲಿಗೆ ಹೋದರೆ ದೊಡ್ಡ ಕಳ್ಳರ ಸಹವಾಸ ಮಾಡಿ ಬರುತ್ತಾನೆ. ನಾಲ್ಕು ಜನರ ಎದುರು ಪೊರಕೆ ಹಿಡಿದರೆ ಮಾಡಿದ್ದು ತಪ್ಪು ಅಂತ ಅವನಿಗೂ ಅನ್ನಿಸಬಹುದು. ಆದರೆ ಗುಡಿಸಬೇಕಲ್ವಾ? ಸುಮ್ನೆ ಸಹಿ ಹಾಕಿ ಹೋದರೆ ಅವನು ಕಲಿಯುವುದು ಏನನ್ನು?

ಇನ್ನು ನನ್ನ ಕಥೆ. ಕೇಬಲ್ ಹಳೇದು ಅಂತ 4,200 ರೂಪಾಯಿ ಲೆಕ್ಕ ಹಾಕಿದರು, ಅದು ಬಂತು. ಹೋಗಿದ್ದು ಬರೀ ಕೇಬಲ್ಲಾ? ಹೋದ ವರ್ಷ ಏಪ್ರಿಲ್ ಬಿಸಿಲಿನಲ್ಲಿ ಒಂಬತ್ತು ದಿನ ತೋಟಕ್ಕೆ ನೀರಿಲ್ಲ. ಹೊಸದಾಗಿ ನೆಟ್ಟ ಅಡಿಕೆ ಸಸಿ ಅರವತ್ತಕ್ಕಿಂತ ಜಾಸ್ತಿ ಒಣಗಿದವು. ದೂರು, ಮಹಜರು, ಸಹಿ, ಮತ್ತೆ ಸಹಿ ಅಂತ ಠಾಣೆಗೆ ಆರು ಸಲ ಅಲೆದೆ, ನಮ್ಮೂರಿಗೆ ಇರುವುದು ಬೆಳಗ್ಗೆ ಒಂದು ಬಸ್ಸು ಸಂಜೆ ಒಂದು, ಅದು ತಪ್ಪಿದರೆ ಆಟೋಗೆ 400 ರೂಪಾಯಿ. ಭಾವನ ಮಗ ವಕೀಲ. ನಷ್ಟ ಆದವರಿಗೆ ಪರಿಹಾರ ಕೊಡಿಸುವ ಅಧಿಕಾರ ಕೋರ್ಟಿಗೆ ಇದೆ, ಕೇಸು ನಡೆಸುವ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 395ನೇ ಸೆಕ್ಷನ್ ನೋಡಿ ಮಾವ, ಅಂದ. ಸಸಿ ಒಣಗಿದ್ದನ್ನೂ ಬರೆದುಕೊಳ್ಳಿ ಅಂತ ನಾನು ಆವಾಗಲೇ ಬೇಡಿಕೊಂಡಿದ್ದೆ. ‘ಅದು ನಮಗೆ ಬರಲ್ಲ’ ಅಂದುಬಿಟ್ಟರು ಠಾಣೆಯವರು. ಕಾಗದದಲ್ಲೇ ಇಲ್ಲದ್ದನ್ನು ನ್ಯಾಯಾಧೀಶರು ಎಲ್ಲಿಂದ ಕೊಡಿಸುತ್ತಾರೆ?

‘ನಮಗೆ ಬರಲ್ಲ’ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಎಲೆಚುಕ್ಕೆ ರೋಗ ಬಂದು ತೋಟ ಹಾಳಾದಾಗಲೂ ಅದೇ. ಸರ್ವೆಗೆ ಅರ್ಜಿ ಕೊಟ್ಟಾಗಲೂ ಅದೇ. ಹಳ್ಳದ ಕಾಲುಸಂಕ ಮುರಿದು ಎರಡು ಮಳೆಗಾಲ ಕಳೆಯಿತು, ಶಾಲೆ ಮಕ್ಕಳು ಸುತ್ತು ಹಾಕಿ ಹೋಗುತ್ತಿದ್ದಾರೆ, ಒಬ್ಬರಾದರೂ ಬಂದು ನೋಡಿಲ್ಲ.

ಕೆಲಸ ಆಗಿದ್ದನ್ನು ಕಣ್ಣಾರೆ ನೋಡಿ ಆಮೇಲೆ ಸಹಿ ಹಾಕಿಸಿಕೊಳ್ಳಿ. ಇಲ್ಲವಾದರೆ ಆ ಹುಡುಗನನ್ನು ನಮ್ಮೂರಿಗೇ ಕಳಿಸಿಕೊಡಿ, ಮಳೆ ಹಿಡಿಯುವುದರೊಳಗೆ ಚರಂಡಿ ಬಿಡಿಸಲಿ, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ. ಸಹಿ ಪುಸ್ತಕ ಇಟ್ಟುಕೊಂಡು ಕೂತವರು ಒಂದು ಸಲ ಕುರ್ಚಿಯಿಂದ ಎದ್ದು ಗೇಟಿನ ತನಕ ಬರಲಿ. ಇಪ್ಪತ್ತು ಹೆಜ್ಜೆಯೂ ಇಲ್ಲ.

– ಒಬ್ಬ ಅಡಿಕೆ ಬೆಳೆಗಾರ, ಶಿವಮೊಗ್ಗ ಜಿಲ್ಲೆ