ಗೆಳೆಯನಿಗೊಂದು ಪತ್ರ: ಒಂದು ಬಿಟ್ ಒರೆಸೋಕೆ ಇಷ್ಟೆಲ್ಲ

ಲೋ ಗುರೂ,

ಸಿ ಭಾಷೇಲಿ ಒಂದು ಸಂಖ್ಯೆಯ ಒಂದೇ ಬಿಟ್ಟನ್ನ ಸೆಟ್ ಮಾಡೋದು (1 ಮಾಡೋದು) ಬಂತು, ಕ್ಲಿಯರ್ ಮಾಡೋಕೆ (0 ಮಾಡೋಕೆ) ಹೋದ್ರೆ ಅಕ್ಕಪಕ್ಕದ್ದೆಲ್ಲ ಹಾರಿಹೋಗತ್ತೆ ಅಂತ ಮೆಸೇಜ್ ಹಾಕಿದ್ಯಲ್ಲ, ಅದಕ್ಕೆ ಉತ್ತರ ನಿಂಗೊಬ್ಬನಿಗೇ ಕಳಿಸ್ಬಹುದಿತ್ತು. ಆದ್ರೆ ಇಲ್ಲಿ ಎಲ್ಲರ ಮುಂದೆ ಬರೆದ್ರೆ ನಾನು ಬುದ್ಧಿವಂತ ಅಂತ ನಾಲ್ಕು ಜನಕ್ಕೆ ಗೊತ್ತಾಗತ್ತೆ, ನೀನು ಏನು ಅಂತಾನೂ. ಹಾವಿನಮರಿ ವಿಷಯ ಮಾತ್ರ ಬಾಯಿ ಬಿಡಲ್ಲ, ಆಣೆ.

ಸೆಟ್ ಸುಲಭ ಯಾಕಂದ್ರೆ ಆರ್ (| ಗುರುತು) ಸಾಧು ಪ್ರಾಣಿ. ಮಾಸ್ಕಲ್ಲಿ, ಅಂದ್ರೆ ಯಾವ ಬಿಟ್ ಬೇಕು ಅಂತ ತೋರಿಸೋ ಸಂಖ್ಯೇಲಿ, 1 ಇರೋ ಕಡೆ 1 ಮಾಡತ್ತೆ, 0 ಇರೋ ಕಡೆ ಇದ್ದಿದ್ದನ್ನ ಇದ್ದ ಹಾಗೇ ಬಿಡತ್ತೆ. ಫ್ಲ್ಯಾಗ್ಸ್ |= 1 << 3, ಅಂದ್ರೆ ಫ್ಲ್ಯಾಗ್ಸ್ ಅನ್ನೋ ವೇರಿಯಬಲ್ಲಲ್ಲಿ ಬಲದಿಂದ 0, 1, 2, 3 ಅಂತ ಎಣಿಸಿದ್ರೆ ಬರೋ 3ನೇ ಬಿಟ್ 1 ಆಯ್ತು, ಮುಗೀತು. ಆಂಡ್ (& ಗುರುತು) ಇದರ ಉಲ್ಟಾ, ಅದಕ್ಕೆ 1 ಅಂದ್ರೆ ಮುಟ್ಟಬೇಡ, 0 ಅಂದ್ರೆ ಒರೆಸು. ನೀನು 00001000 ಮಾಸ್ಕನ್ನ ಸೀದಾ ಆಂಡ್‌ಗೆ ಕೊಟ್ಟಿರ್ತೀಯ, ಅದು ನೀನು ಒರೆಸ್ಬೇಕು ಅಂದ್ಕೊಂಡಿದ್ದ ಬಿಟ್ ಒಂದನ್ನೇ ಬಿಟ್ಟು ಮಿಕ್ಕಿದ್ದೆಲ್ಲ ತೊಳೆದಿರತ್ತೆ. ಮೊದ್ಲು ಎಲ್ಲ ಬಿಟ್ಟನ್ನೂ ಉಲ್ಟಾ ಮಾಡೋ ~ ಹಾಕಿ 11110111 ಮಾಡ್ಕೋಬೇಕು, ಅಂದ್ರೆ ಫ್ಲ್ಯಾಗ್ಸ್ &= ~(1 << 3). ಮಾಸ್ಕಲ್ಲಿ 1 ಇರೋ ಬಿಟ್ಟನ್ನ ಉಲ್ಟಾ ಮಾಡೋ ಎಕ್ಸಾರ್ ಹಾಕಿದ್ರೂ ಹೋಗತ್ತಲ್ಲ ಅಂತ ವಾದ ಮಾಡ್ಬೇಡ, ಬಿಟ್ ಆಗ್ಲೇ 1 ಇದ್ರೆ ಹೋಗತ್ತೆ, 0 ಇದ್ರೆ ಹತ್ಕೊಳತ್ತೆ. 3ನೇ ಬಿಟ್ಟಿನ ಬೆಲೆ 8 ಅಲ್ವಾ ಅಂತ 8 ಕಳೆಯೋ ಐಡಿಯಾನೂ ಬೇಡ, ಆ ಬಿಟ್ ಇಲ್ದೇ ಇದ್ದಾಗ ಕಳೆದ್ರೆ ಅದು ಮೇಲಿನ ಬಿಟ್‌ಗಳ ಹತ್ರ ಸಾಲ ಎತ್ತತ್ತೆ.

ಇಷ್ಟು ಸರಿ ಮಾಡಿದ್ಮೇಲೂ ಹಾರಿಹೋಗ್ತಿದ್ರೆ ನಿನ್ನ ವೇರಿಯಬಲ್ 64 ಬಿಟ್ ಇರ್ಬೇಕು. 1ರ ಪಕ್ಕ ಯು (ಅನ್‌ಸೈನ್ಡ್, ಅಂದ್ರೆ ಮೈನಸ್ ಇಲ್ಲದ ಸಂಖ್ಯೆ) ಹಾಕು, ಸೇಫು ಅಂತ ಎಲ್ರೂ ಹೇಳ್ತಾರೆ, 31ನೇ ಬಿಟ್ (ಪ್ಲಸ್ಸೋ ಮೈನಸ್ಸೋ ಹೇಳೋ ಸೈನ್ ಬಿಟ್) ವಿಷಯದಲ್ಲಿ ಅದು ನಿಜಾನೇ. ಆದ್ರೆ ಇಂಟ್ (ಸಿಯ ಮಾಮೂಲಿ ಪೂರ್ಣಾಂಕ) 32 ಬಿಟ್ ಇರೋ ಕಡೆ ಅದಕ್ಕೆ ~ ಹಾಕಿದ್ರೆ ಸಿಗೋದು 32 ಬಿಟ್ಟಿನ ಅನ್‌ಸೈನ್ಡ್ ಸಂಖ್ಯೆ, ಅದು 64ಕ್ಕೆ ಹಿಗ್ಗುವಾಗ ಮೇಲಿನ 32 ಜಾಗಕ್ಕೆ ಸೊನ್ನೆ ತುಂಬ್ಕೊಂಡು ಬರತ್ತೆ, ಆಂಡ್ ಆದ ತಕ್ಷಣ ಮೇಲಿನ ಅರ್ಧ ಗುಡಿಸಿ ಗುಂಡಾಂತರ. ಮಜಾ ಏನ್ ಗೊತ್ತಾ, ಬರೀ 1 ಹಾಕಿದ್ದ ಸೋಮಾರಿಗೆ ಸೈನ್ ಬಿಟ್ ಮೇಲಕ್ಕೆ ಎಳ್ಕೊಂಡು ಹೋಗಿ ಸರಿಯಾಗೇ ಬರತ್ತೆ. ಹುಷಾರಾಗಿದ್ದವನಿಗೇ ಏಟು. ಯುಎಲ್‌ಎಲ್ ಹಾಕು, ಅಂದ್ರೆ ಆ 1 ಶುರುವಿಂದಾನೇ ಕನಿಷ್ಠ 64 ಬಿಟ್ಟಿನ ಅನ್‌ಸೈನ್ಡ್ ಸಂಖ್ಯೆ ಆಗತ್ತೆ, ನಿದ್ದೆ ಮಾಡು.

ಬಿಟ್ 0 ಇದ್ಯಾ ಅಂತ ಚೆಕ್ ಮಾಡುವಾಗ ಬ್ರ್ಯಾಕೆಟ್ ಬಿಡ್ಬೇಡ. ಫ್ಲ್ಯಾಗ್ಸ್ & 8 == 0 ಅಂತ ಬರೆದ್ರೆ ಸಿ ಮೊದ್ಲು 8 == 0 ಭಾಗಾನೇ ತಗೊಳತ್ತೆ. ಸಿಗಿಂತ ಮುಂಚಿನ ಬಿ ಭಾಷೇಲಿ & ಒಂದೇ ಬಿಟ್‌ಗಳ ಆಂಡ್, 'ಇದೂ ನಿಜ, ಅದೂ ನಿಜಾನಾ' ಅನ್ನೋ ಷರತ್ತು, ಎರಡೂ ಕೆಲಸ ಮಾಡ್ತಿತ್ತು, && ಆಮೇಲೆ ಬಂತು, ಹಳೇ ಕೋಡ್ ಬದಲಾಯಿಸೋರಿಗೆ ತಲೆನೋವಾಗ್ಬಾರ್ದು ಅಂತ &ನ ಯಾವುದು ಮೊದ್ಲು ಅನ್ನೋ ಸರತೀಲಿ ಅದರ ಹಳೇ ಜಾಗದಲ್ಲೇ, ==ಗಿಂತ ಹಿಂದೆ, ಬಿಟ್ರು. ಹಾಗ್ ಮಾಡ್ಬಾರ್ದಿತ್ತು ಅನ್ಸತ್ತೆ ಅಂತ ಸಿ ಮಾಡಿದ ಡೆನ್ನಿಸ್ ರಿಚಿ 1993ರಲ್ಲಿ ಸಿ ಚರಿತ್ರೆ ಬರೆದಾಗ ಅವರೇ ಹೇಳಿದ್ರು.

ಇಲ್ಲಿಗೆ ಮುಗಿಸೋಣ ಅಂತಿದ್ದೆ ಕಣೋ. ಆದ್ರೆ ಈಚೆಗೆ ನನ್ನ ಕೊರೀತಿರೋದು ಬೇರೇದು. |= ನೋಡೋಕೆ ಒಂದೇ ಏಟಿನ ಕೆಲಸ, ಒಳಗೆ ಸಾಮಾನ್ಯವಾಗಿ ಮೂರು: ಮೆಮೊರಿಯಿಂದ ಪೂರ್ತಿ ಪದ (ಬಿಟ್‌ಗಳ ಇಡೀ ಗುಂಪು) ಓದ್ಕೋ, ರಿಜಿಸ್ಟರಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಜಾಗ) ಬಿಟ್ ತಿದ್ದು, ಪೂರ್ತಿ ಪದಾನ ವಾಪಸ್ ಬರಿ. ಮಧ್ಯದಲ್ಲಿ ಇಂಟರಪ್ಟ್ (ನಡೀತಿರೋ ಕೆಲಸ ನಿಲ್ಲಿಸಿ ನುಗ್ಗೋ ತುರ್ತು ಕೋಡ್) ಬಂದು ಬೇರೆ ಬಿಟ್ ಬದಲಾಯಿಸಿದ್ರೆ ನಿನ್ನ ಕೈಲಿರೋದು ಹಳೇ ಕಾಪಿ, ನೀನು ಅದನ್ನೇ ಮೇಲೆ ಬರೀತೀಯ, ಅವನು ಮಾಡಿದ್ದು ಮಾಯ, ಎರರ್ ಇಲ್ಲ ಏನಿಲ್ಲ. ನೀನು ಫೋನ್ ಮಾಡಿದಾಗೆಲ್ಲ ನಂಗೆ ಇದೇ ನೆನಪಾಗೋದು. ನಿನ್ನ ಹತ್ರ ಇರೋದು ನನ್ನ ಹಳೇ ಕಾಪಿ, ನಡುರಾತ್ರಿ ಎಬ್ಬಿಸಿ ಬಗ್ ಇದೆ ಅಂದ್ರೆ ಕುಣ್ಕೊಂಡು ಬರ್ತಿದ್ನಲ್ಲ, ಅವನು. ನೀನು ಅವನ ಜೊತೆ ಮಾತಾಡ್ತೀಯ, ನಾನೂ ಅವನ ದನೀಲೇ ಉತ್ತರ ಕೊಡ್ತೀನಿ. ನಿಜ ಹೇಳ್ಬೇಕಂದ್ರೆ ಕೋಡ್ ಕಂಡ್ರೆ ಖುಷಿಯಾಗೋದು ನಿಂತು ತುಂಬ ಕಾಲ ಆಯ್ತು, ಯಾವಾಗ ನಿಲ್ತು ಅಂತಾನೂ ಗೊತ್ತಾಗ್ಲಿಲ್ಲ, ಮೇಲೆ ಇಷ್ಟುದ್ದ ಕೊರೆದ್ನಲ್ಲ ಅದೂ ನೀನು ಕೇಳಿದ್ಯಲ್ಲ ಅಂತ, ಇದನ್ನ ನಿಂಗೆ ಹೇಳಿಬಿಟ್ರೆ ನಮ್ಮಿಬ್ಬರಿಗೆ ಮಾತಾಡೋಕೆ ಇನ್ನೇನು ಉಳಿಯತ್ತೆ ಅನ್ನೋ ಭಯಕ್ಕೇ ಹೇಳಿರ್ಲಿಲ್ಲ.

ಛೆ, ಎಲ್ಲಿಂದ ಎಲ್ಲಿಗೋ ಹೋಯ್ತು. ಆ ಪ್ಯಾರಾ ತೆಗೀಬಹುದಿತ್ತು, ಒಂದನ್ನ ಒರೆಸೋಕೆ ಹೋಗಿ ಪೂರ್ತಿ ಪತ್ರ ಹೋದ್ರೆ ನಿಂಗೂ ನಂಗೂ ಏನು ವ್ಯತ್ಯಾಸ? ಇಣುಕಿ ನೋಡ್ತಿರೋ ಮಿಕ್ಕವರು ಅದಕ್ಕೊಂದು ~ ಹಾಕಿ ಆಂಡ್ ಮಾಡ್ಕೊಳ್ಳಿ.

ಅಂದಹಾಗೆ ನಿನ್ನ ಬೋರ್ಡಿನ ಚಿಪ್ ಎಸ್‌ಟಿಎಂ32 ಆಗಿದ್ರೆ ಪಿನ್‌ಗಳಿಗೆ ಈ ಗೋಳೇ ಇಲ್ಲ, ಬಿಎಸ್‌ಆರ್‌ಆರ್ ಅಂತ ಪಿನ್ ಆಡಿಸೋ ರಿಜಿಸ್ಟರ್ ಇದೆ, ಕೆಳಗಿನ 16 ಬಿಟ್‌ಗೆ 1 ಬರೆದ್ರೆ ಸೆಟ್, ಮೇಲಿನ 16ಕ್ಕೆ 1 ಬರೆದ್ರೆ ರೀಸೆಟ್, 0 ಬರೆದ್ರೆ ಏನೂ ಆಗಲ್ಲ, ಮೊದ್ಲು ಓದ್ಕೊಳ್ಳೋ ಕೆಲಸಾನೇ ಇಲ್ಲ. ಮಾಮೂಲಿ ವೇರಿಯಬಲ್ ಆದ್ರೆ ಇಂಟರಪ್ಟ್ ಆಫ್ ಮಾಡಿ ಬಿಟ್ ತಿದ್ದು, ಮತ್ತೆ ಆನ್ ಮಾಡೋದು ಮರೀಬೇಡ, ಆ ವಿಷಯದಲ್ಲಿ ನಿನ್ನ ಚರಿತ್ರೆ ಅಷ್ಟು ಚೆನ್ನಾಗಿಲ್ಲ.

ನಿನ್ನ,
ಮಹಾಪ್ರಭು